ಹಕ್ಕಿ ಕೈಗೆ ಬರುವ ಮುಂಚೆ

ಮನೆಗೆ ಯಾರೇ ಬರಲಿ, ನಮ್ಮ ಲವ್ ಬರ್ಡ್ಸ್ ಪಂಜರ ಕಂಡ ಕೂಡಲೇ ಒಂದೇ ಪ್ರಶ್ನೆ. "ಕೈ ಮ್ಯಾಲ ಕುಂದರ್ತಾವೇನ್ರೀ?" ಹಾಲು ಹಾಕುವವರು ಕೇಳಿದರು, ಪಕ್ಕದ ಮನೆಯವರು ಕೇಳಿದರು. ಮದುವೆ ಕಾರ್ಡು ಕೊಡಲು ಬಂದವರು ಮದುವೆ ಮಾತು ಬಿಟ್ಟು ಅದನ್ನೇ ಕೇಳಿದರು. ಇನ್ನೂ ಇಲ್ಲ ಅಂದರೆ ಅವರ ಮುಖ ಸ್ವಲ್ಪ ಸಪ್ಪೆಯಾಗುತ್ತದೆ. "ಹಂಗಾದ್ರ ತಂದು ಏನ್ ಉಪಯೋಗ?" ಅಂತ ಒಬ್ಬರು ನೇರವಾಗಿಯೇ ಕೇಳಿದರು. ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಮ್ಮ ಕಡೆ ಎಮ್ಮೆ ಹಾಲಿಗೆ, ಎತ್ತು ಹೊಲಕ್ಕೆ, ನಾಯಿ ಕಾವಲಿಗೆ. ಪಂಜರದ ಹಕ್ಕಿಗೆ ಅಂಥ ಕೆಲಸ ಏನೂ ಇಲ್ಲ. ಹಾಗಾಗಿ ಕೈ ಮೇಲೆ ಕೂರುವುದೇ ಅದರ ಕೆಲಸ ಅಂತ ನಾವೇ ಗೊತ್ತು ಮಾಡಿಬಿಟ್ಟಿದ್ದೇವೆ. ಹೊಸದಾಗಿ ಲವ್ ಬರ್ಡ್ಸ್ ತಂದವರೆಲ್ಲ ಮೊದಲು ಹುಡುಕುವುದೂ ಇದನ್ನೇ: ಬೇಗ ಪಳಗಿಸುವುದು ಹೇಗೆ, ಎಷ್ಟು ದಿನ ಹಿಡಿಯುತ್ತದೆ, ಕಚ್ಚದ ಹಾಗೆ ಮಾಡುವುದು ಹೇಗೆ.

ಈ ಅಳತೆಗೋಲೇ ಸರಿಯಿಲ್ಲ ಅಂತ ನನಗೆ ಅನಿಸತೊಡಗಿದೆ. ಹಕ್ಕಿ ಕೈ ಮೇಲೆ ಕೂತಿತು ಅಂದ ಮಾತ್ರಕ್ಕೆ ಅದು ನಮ್ಮನ್ನು ನಂಬಿತು ಅಂತ ಅಲ್ಲ. ಕೂರಲಿಲ್ಲ ಅಂದರೆ ನಂಬಿಲ್ಲ ಅಂತಲೂ ಅಲ್ಲ. ನಾವು ಹತ್ತಿರ ಇದ್ದಾಗಲೂ ಅದು ಉಣ್ಣುತ್ತದೆಯಾ, ರೆಕ್ಕೆ ತೀಡಿಕೊಳ್ಳುತ್ತದೆಯಾ, ಒಂಟಿ ಕಾಲಲ್ಲಿ ನಿದ್ದೆ ಮಾಡುತ್ತದೆಯಾ? ನಾನು ನೋಡುವುದು ಇವನ್ನು. ಕೈ ಆಮೇಲಿನ ಮಾತು.

ಅಂಗಡಿಯವರ ಕೈ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ವಿಜಯಪುರದಲ್ಲಿ ಲವ್ ಬರ್ಡ್ಸ್ ಕೊಡಿ ಅಂದರೆ ಹೆಚ್ಚಿನ ಕಡೆ ಕೈಗೆ ಬರುವುದು ಬಡ್ಜಿ (ಬಡ್ಜರಿಗರ್) ಅನ್ನುವ ಸಣ್ಣ ಗಿಳಿಗಳು. ಉದ್ದ ಬಾಲ, ಕತ್ತಿನ ಮೇಲೆ ಗೆರೆ, ಆಸ್ಟ್ರೇಲಿಯಾ ಮೂಲದ ಹಕ್ಕಿ. ಅವೂ ಒಳ್ಳೆಯ ಹಕ್ಕಿಗಳೇ. ಆದರೆ ಅಸಲಿ ಲವ್ ಬರ್ಡ್ ಆಫ್ರಿಕಾದ್ದು. ಗಿಡ್ಡ ಬಾಲ, ದಪ್ಪ ಕೊಕ್ಕು, ಗುಂಡನೆ ಮೈ. ಒಟ್ಟು ಒಂಬತ್ತು ಜಾತಿ ಇವೆ, ಅದರಲ್ಲಿ ಒಂದು ಮಡಗಾಸ್ಕರ್ ದ್ವೀಪದ್ದು. ನಮ್ಮ ಮನೆಯವು ಪೀಚ್ ಫೇಸ್ ಅಂತ ಕರೆಯುವ ಜಾತಿ: ಹಸಿರು ಮೈ, ಮುಖ ಮತ್ತು ಎದೆ ಗುಲಾಬಿ, ಬಾಲದ ಬುಡದಲ್ಲಿ ನೀಲಿ. ನಮೀಬಿಯಾ, ಅಂಗೋಲಾ ಕಡೆಯ ಒಣ ಪ್ರದೇಶ ಅವುಗಳ ತವರು. ಅಕ್ಕನ ಮಗ ಒಂದಕ್ಕೆ ಗುಲಾಬಿ, ಇನ್ನೊಂದಕ್ಕೆ ಕಿಟ್ಟಿ ಅಂತ ಹೆಸರಿಟ್ಟ. ಈ ಜಾತಿಯಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ ನೋಡಿ ಹೇಳಲು ಬರುವುದಿಲ್ಲ. ಹೆಸರು ಇಟ್ಟಾಗ ನಮಗೂ ಗೊತ್ತಿರಲಿಲ್ಲ.

ಅವನ್ನು ಕೊಂಡ ದಿನದ ಅಂಗಡಿ ಈಗಲೂ ಕಣ್ಣ ಮುಂದೆ ಇದೆ. ಗೋಡೆ ತುಂಬ ಮೀನಿನ ಗಾಜಿನ ತೊಟ್ಟಿಗಳು, ಕೆಳಗೆ ಸಾಲಾಗಿ ಪಂಜರಗಳು. ಅಂಗಡಿಯವರು ಬಾಗಿಲನ್ನು ಕೈ ತೂರುವಷ್ಟೇ ಸರಿಸಿದರು. ಒಳಗಿದ್ದ ಹಕ್ಕಿಗಳೆಲ್ಲ ಒಂದೇ ಸಲ ಎದ್ದು ಹಿಂದಿನ ಮೂಲೆಗೆ ಅಪ್ಪಳಿಸಿದವು. ಕೈ ಮೇಲಿನಿಂದ ಬಂತು, ಮುಚ್ಚಿಕೊಂಡಿತು, ಹೊರಗೆ ಬಂದಾಗ ಬೆರಳ ಸಂದಿಯಲ್ಲಿ ಒಂದು ಗುಲಾಬಿ ತಲೆ. ಅದು ಅವರ ಹೆಬ್ಬೆರಳನ್ನು ಕಚ್ಚಿ ಹಿಡಿದಿತ್ತು. ಅವರಿಗೆ ಅದು ನಿತ್ಯದ ಕೆಲಸ, ಮುಖದಲ್ಲಿ ಏನೂ ಬದಲಾಗಲಿಲ್ಲ. ಕೊಕ್ಕು ತೆರೆದೇ ಇತ್ತು, ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತು ಅಂದರೆ ಪುಕ್ಕಗಳೆಲ್ಲ ನಡುಗುತ್ತಿದ್ದವು. ತೂತು ಮಾಡಿದ ರಟ್ಟಿನ ಡಬ್ಬಿಗೆ ಇಳಿಸಿ, ಎರಡನೆಯದನ್ನೂ ಹಾಗೇ ಹಿಡಿದು ಹಾಕಿ, ಮೇಲೆ ಟೇಪ್ ಸುತ್ತಿದರು. ಕೊಡುವಾಗ ಒಂದು ಸಲಹೆಯನ್ನೂ ಕೊಟ್ಟರು. "ಎರಡ ದಿನ ಮುಷ್ಟ್ಯಾಗ ಹಿಡಕೊಂಡ ಕುಂದರ್ರಿ. ತಾವ ಸುಮ್ನಾಗ್ತಾವ."

ಈ ಸಲಹೆಯನ್ನು ಬೇರೆ ಬೇರೆ ಬಾಯಿಂದ ಬಹಳ ಸಲ ಕೇಳಿದ್ದೇನೆ. ಟವೆಲ್ ಸುತ್ತಿ ಹಿಡಿಯಿರಿ, ರೆಕ್ಕೆ ಕತ್ತರಿಸಿ ಬಿಡಿ, ಕೈಗವಸು ಹಾಕಿ ಹಿಡಿಯಿರಿ, ಹೀಗೆ. ಹಕ್ಕಿ ಸುಮ್ಮನಾಗುವುದೂ ನಿಜವೇ. ಆದರೆ ಯಾಕೆ ಸುಮ್ಮನಾಗುತ್ತದೆ? ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ ಅಂತ ಗೊತ್ತಾದಾಗ ಯಾವ ಜೀವವೂ ಒದ್ದಾಡುವುದನ್ನು ಬಿಡುತ್ತದೆ. ಹೊರಗಿನಿಂದ ನೋಡಿದರೆ ಅದು ಪಳಗಿದ ಹಾಗೇ ಕಾಣುತ್ತದೆ. ಐವತ್ತು ಗ್ರಾಂ ಆಸುಪಾಸಿನ ಜೀವ ಅದು. ಕಾಡಿನಲ್ಲಿ ಮೇಲಿನಿಂದ ಬಂದು ಹಿಡಿಯುವುದು ಗಿಡುಗದಂಥ ಬೇಟೆಹಕ್ಕಿ. ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ಹೊಟ್ಟೆ ಮತ್ತು ಎದೆಯ ನಡುವೆ ಇರುವ ವಪೆ ಹಕ್ಕಿಗೆ ಇಲ್ಲ. ಎದೆಮೂಳೆ ಮುಂದೆ ಹಿಂದೆ ಆಡಿದರೆ ಮಾತ್ರ ಅದಕ್ಕೆ ಉಸಿರು. ಎದೆ ಒತ್ತಿ ಹಿಡಿದರೆ, ಕತ್ತು ಮುಟ್ಟದೆಯೇ ಉಸಿರು ಕಟ್ಟುತ್ತದೆ. ಪ್ರೀತಿಯಿಂದ ಮುಷ್ಟಿಯಲ್ಲಿ ಹಿಡಿದು ಕೂತವರ ಕೈಯಲ್ಲೇ ಹಕ್ಕಿ ಸತ್ತಿದ್ದನ್ನು ಕೇಳಿದ್ದೇನೆ. ಅವರಿಗೆ ಕಾರಣ ಕೊನೆಗೂ ಗೊತ್ತಾಗಲಿಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಮೊದಲ ನಿಯಮ ಹಾಕಿಕೊಂಡೆವು. ಪಂಜರದೊಳಗೆ ಕೈ ಹೋಗುವುದು ಕಾಳು, ನೀರು, ಪೇಪರ್ ಬದಲಿಸಲು ಮಾತ್ರ. ಹಿಡಿಯಲು ಅಲ್ಲ. ಅದೂ ದಿನಾ ಒಂದೇ ಹೊತ್ತಿಗೆ, ನಿಧಾನಕ್ಕೆ, ಕೆಳಗಿನಿಂದ.

ಪಂಜರ ಇಡುವ ಜಾಗ

ಇದರ ಬಗ್ಗೆ ಜಾಸ್ತಿ ಬೆಳೆಸುವುದಿಲ್ಲ. ಪಡಸಾಲೆಯಲ್ಲಿ, ಒಂದು ಬದಿ ಗೋಡೆಗೆ ತಾಗಿ, ನಮ್ಮ ಎದೆಮಟ್ಟಕ್ಕೆ ಇಟ್ಟೆವು. ನಾಲ್ಕೂ ಕಡೆ ಬಯಲಾದರೆ ಹಕ್ಕಿಗೆ ಬೆನ್ನು ಕಾಯ್ದುಕೊಳ್ಳಲು ಆಗುವುದಿಲ್ಲ. ಎತ್ತರಕ್ಕಿಂತ ಅಗಲ ಮುಖ್ಯ, ಯಾಕೆಂದರೆ ಹಕ್ಕಿ ಹಾರುವುದು ಅಡ್ಡಕ್ಕೆ. ಜೊತೆಗೆ ಬಂದ ನುಣುಪು ಪ್ಲಾಸ್ಟಿಕ್ ಕೋಲುಗಳನ್ನು ತೆಗೆದು ಬೇವಿನ ಕೊಂಬೆ ಕಟ್ಟಿದೆವು. ದಪ್ಪ ಸಣ್ಣ ಇರುವ ಕೊಂಬೆಯಾದರೆ ಪಾದಕ್ಕೆ ಒಂದೇ ಕಡೆ ಒತ್ತಡ ಬೀಳುವುದಿಲ್ಲ, ತೊಗಟೆ ಸುಲಿಯುವ ಕೆಲಸವೂ ಸಿಗುತ್ತದೆ. ರಸ್ತೆ ಬದಿ ಮರದ್ದಾದರೆ ಧೂಳು ಹೋಗುವ ಹಾಗೆ ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಬೇಕು.

ಹೊಸ ಹಕ್ಕಿ ನಾವು ನೋಡುತ್ತಿದ್ದರೆ ತಿನ್ನುವುದಿಲ್ಲ. ಅದಕ್ಕೆ ಗಾಬರಿ ಬೇಡ. ಹಿಕ್ಕೆ ಬೀಳುತ್ತಿದ್ದರೆ ಅದು ತಿನ್ನುತ್ತಿದೆ ಅಂತಲೇ ಲೆಕ್ಕ. ಆದರೆ ಹಗಲಲ್ಲೂ ಮೈ ಉಬ್ಬಿಸಿಕೊಂಡು ತೂಕಡಿಸುತ್ತಿದ್ದರೆ, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಕಾಯುತ್ತ ಕೂರಬಾರದು. ಬೇಟೆಯಾಗುವ ಜೀವ ತನ್ನ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ನಮಗೆ ಕಾಣುವಷ್ಟು ಆದಾಗ ಬಹಳ ತಡವಾಗಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಪಶುವೈದ್ಯರ ದಿನ ಕಳೆಯುವುದು ದನ, ಎಮ್ಮೆ, ಆಡು, ಕುರಿಗಳ ಜೊತೆ. ಹಕ್ಕಿ ನೋಡುವವರು ಎಲ್ಲಿದ್ದಾರೆ ಅಂತ ಹಕ್ಕಿ ತರುವ ಮುಂಚೆಯೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದಿದ್ದರೆ ಇನ್ನೂ ಅನುಕೂಲ. ಇಷ್ಟು ಸಣ್ಣ ಮೈಯಲ್ಲಿ ನಾಲ್ಕೈದು ಗ್ರಾಂ ಇಳಿದರೂ ಅದು ದೊಡ್ಡ ಸುದ್ದಿ.

ಅವ್ವ ಜೋಳ ಹಸನ ಮಾಡುವಾಗ

ನಮ್ಮ ಹಕ್ಕಿಗಳನ್ನು ಮೊದಲು ಒಲಿಸಿಕೊಂಡಿದ್ದು ಅವ್ವ. ಒಲಿಸಿಕೊಳ್ಳಬೇಕು ಅನ್ನುವ ಯೋಚನೆಯೇ ಅವಳಿಗೆ ಇರಲಿಲ್ಲ.

ಮಧ್ಯಾಹ್ನ ಊಟ ಆದ ಮೇಲೆ ಅವ್ವ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಜೋಳ ಹಸನ ಮಾಡುತ್ತಾಳೆ. ಗಾಳಿ ಬರುವ ಜಾಗ ಅಂತ ಪಂಜರದ ಹತ್ತಿರವೇ ಕೂರುತ್ತಾಳೆ. ಅವಳ ಕಣ್ಣು ಮೊರದ ಮೇಲೆ. ಬೆರಳು ಕಾಳಿನ ನಡುವೆ ಓಡಾಡುತ್ತದೆ, ಕಲ್ಲು ಸಿಕ್ಕರೆ ಹೊರಗೆ ಬೀಳುತ್ತದೆ, ನಡುನಡುವೆ ಮೊರವನ್ನು ಎರಡು ಸಲ ಕೇರುತ್ತಾಳೆ. ಆ ಸದ್ದು ಒಂದೇ ಲಯದಲ್ಲಿ ಬರುತ್ತದೆ. ಮೊದಮೊದಲು ಅವಳು ಕೂತ ಕೂಡಲೇ ಎರಡೂ ಹಿಂದಿನ ಮೂಲೆ ಸೇರುತ್ತಿದ್ದವು, ಮೈ ಪುಕ್ಕ ಬಿಗಿಯಾಗಿ, ಕತ್ತು ಉದ್ದ ಮಾಡಿ. ಕೆಲವು ದಿನ ಹೋದ ಮೇಲೆ ಕಿಟ್ಟಿ ಕೊಂಬೆಯ ಮೇಲೆ ಒಂದೊಂದೇ ಹೆಜ್ಜೆ ಅಡ್ಡಡ್ಡ ಇಡುತ್ತ ಈಚೆ ಬಂತು. ಅವ್ವ ಕೇರಿದರೆ ನಿಲ್ಲುತ್ತಿತ್ತು, ಆರಿಸುವಾಗ ಮತ್ತೆ ಒಂದು ಹೆಜ್ಜೆ. ಅವಳು ತಲೆ ಎತ್ತಲಿಲ್ಲ. ಆಮೇಲೊಂದು ಮಧ್ಯಾಹ್ನ ನಾನು ನೀರು ಕುಡಿಯಲು ಎದ್ದವಳು ಬಾಗಿಲಲ್ಲೇ ನಿಂತೆ. ಎರಡೂ ಹಕ್ಕಿ ಅವ್ವನ ಕಡೆಯ ಸರಳಿಗೆ ಹತ್ತಿರ ಕೂತು, ಅವಳ ಬೆರಳು ಹೋದ ಕಡೆಗೆಲ್ಲ ತಲೆ ತಿರುಗಿಸುತ್ತಿದ್ದವು. ಗುಲಾಬಿ ಒಂದು ಕಾಲನ್ನು ಹೊಟ್ಟೆಯೊಳಗೆ ಎಳೆದುಕೊಂಡಿತ್ತು. ಕೊಕ್ಕಿನಿಂದ ಕಿರ್ ಕಿರ್ ಅಂತ ಸಣ್ಣ ಸದ್ದು. ನಿದ್ದೆಗೆ ಮುಂಚೆ ಇವು ಹೀಗೆ ಕೊಕ್ಕು ಮಸೆಯುತ್ತವೆ. ಹೆದರಿದ ಹಕ್ಕಿ ಯಾವತ್ತೂ ಹಾಗೆ ಮಾಡುವುದಿಲ್ಲ.

ನಾನು ಅದರ ಬಗ್ಗೆ ತುಂಬ ಯೋಚಿಸಿದೆ. ನಾವು ಹೊಸ ಹಕ್ಕಿಯ ಮುಂದೆ ಏನು ಮಾಡುತ್ತೇವೆ? ಮುಖ ಸರಳಿಗೆ ತಾಗಿಸಿ, ಎರಡೂ ಕಣ್ಣಿಂದ ದಿಟ್ಟಿಸಿ ನೋಡುತ್ತೇವೆ. ಬಾಯಿಂದ ಚುಚ್ ಚುಚ್ ಅನ್ನುತ್ತೇವೆ. ಬೆರಳು ತೂರಿಸುತ್ತೇವೆ. ಹಕ್ಕಿಯ ಕಣ್ಣು ತಲೆಯ ಎರಡು ಬದಿಗೆ ಇವೆ. ಮುಖದ ಮುಂದೆ ಎರಡು ಕಣ್ಣು ಇಟ್ಟುಕೊಂಡು ಅಲುಗದೆ ನೋಡುವುದು ಬೆಕ್ಕು, ಗೂಬೆ, ಮನುಷ್ಯ. ಅಂಥ ನೋಟದ ಅರ್ಥ ಅದಕ್ಕೆ ಹುಟ್ಟಿನಿಂದಲೇ ಗೊತ್ತು. ಅವ್ವ ಅವುಗಳ ಕಡೆ ನೋಡಲಿಲ್ಲ. ಅವಳ ಕೈ ಬೇರೆ ಕೆಲಸದಲ್ಲಿತ್ತು, ಏನು ಮಾಡುತ್ತಿದೆ ಅಂತ ಹಕ್ಕಿಗೆ ಕಾಣುವ ಹಾಗಿತ್ತು. ದಿನಾ ಅದೇ ಹೊತ್ತು, ಅದೇ ಸದ್ದು, ಅದೇ ಕೈ, ಕೊನೆಗೆ ಏನೂ ಕೆಟ್ಟದ್ದು ಆಗಲಿಲ್ಲ. ಕಾಳು ಆರಿಸುವ ಕೈ ಅಂದಮೇಲೆ ಕುತೂಹಲವೂ ಇತ್ತು ಅಂತ ನನ್ನ ನಂಬಿಕೆ. ಇವು ಗುಂಪಿನಲ್ಲಿ ಬದುಕುವ ಹಕ್ಕಿಗಳು. ಒಂದು ತಿನ್ನತೊಡಗಿದರೆ ಉಳಿದವೂ ಇಳಿದು ತಿನ್ನುತ್ತವೆ.

ಆಮೇಲೆ ನಾನೂ ಸಂಜೆ ಪುಸ್ತಕ ಹಿಡಿದು ಪಂಜರಕ್ಕೆ ಅಡ್ಡ ಮುಖ ಮಾಡಿ ಕೂರತೊಡಗಿದೆ. ಗಟ್ಟಿಯಾಗಿ ಓದುತ್ತೇನೆ, ಏನಾದರೂ ಸರಿ. ಅಕ್ಕನ ಮಗ ಅಲ್ಲೇ ಕೂತು ಲೆಕ್ಕ ಬಿಡಿಸುತ್ತಾನೆ. ಅವನಿಗೆ ಕೊಟ್ಟ ಷರತ್ತು ಒಂದೇ, ಬೆರಳು ಸರಳಿನೊಳಗೆ ಹೋಗಬಾರದು. ಮಕ್ಕಳು ಇಂಥ ಷರತ್ತನ್ನು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಪಾಲಿಸುತ್ತಾರೆ, ಕಾರಣ ಬಿಡಿಸಿ ಹೇಳಿದರೆ.

ನವಣೆ ತೆನೆ

ಪೇಟೆಯ ಅಂಗಡಿಗಳಲ್ಲಿ ಹಕ್ಕಿಗೆ ಅಂತ ಪ್ಯಾಕೆಟ್‌ನಲ್ಲಿ ಮಾರುವ ತೆನೆ ನಮ್ಮ ನವಣೆಯೇ. ಹೊಲದಿಂದ ತಂದ, ಔಷಧಿ ಹೊಡೆಯದ ತೆನೆ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ. ಪರಿಚಯದ ರೈತರೊಬ್ಬರು ಕೊಟ್ಟ ತೆನೆಗಳನ್ನು ನಾವು ಒಣಗಿಸಿ ಕಟ್ಟಿ ಇಟ್ಟಿದ್ದೇವೆ. ಅವು ದಿನದ ಊಟಕ್ಕಲ್ಲ, ಕೈಯಿಂದ ಕೊಡಲು ಮಾತ್ರ.

ಮೊದಲು ಉದ್ದ ತೆನೆಯ ತುದಿ ಸರಳಿನ ಹೊರಗೆ. ನಾನು ಅಲುಗುವುದಿಲ್ಲ. ಕಿಟ್ಟಿ ಬರುವ ರೀತಿ ನೋಡಬೇಕು. ಪಾದ ಕೊಂಬೆಯ ಮೇಲೆ ಹಿಂದೆಯೇ ಉಳಿದಿರುತ್ತದೆ, ಮೈ ಮಾತ್ರ ಮುಂದೆ ಚಾಚುತ್ತದೆ. ಬೇಕಾದರೆ ಒಂದೇ ಕ್ಷಣದಲ್ಲಿ ಹಿಂದೆ ಹೋಗುವ ಸಿದ್ಧತೆ ಅದು. ಒಂದು ಕಾಳು ಕಿತ್ತು, ಹಿಂದೆ ಸರಿದು, ಸಿಪ್ಪೆ ಬಿಡಿಸಿ ತಿಂದು, ಮತ್ತೆ ಚಾಚುತ್ತದೆ. ಪಾದ ಮುಂದಿಟ್ಟು ಬಂದ ದಿನ ತೆನೆ ಸ್ವಲ್ಪ ಗಿಡ್ಡ ಮಾಡಬಹುದು. ಪಾದ ಹಿಂದೆಯೇ ಇದ್ದರೆ ಮಾಡಬಾರದು. ಇಡೀ ವಿದ್ಯೆ ಇಷ್ಟೇ ಅಂತ ನನಗೆ ಅನಿಸುತ್ತದೆ, ಪಾದ ಎಲ್ಲಿದೆ ಅಂತ ನೋಡುವುದು.

ಬೇಡ ಅನ್ನುವುದನ್ನೂ ಹಕ್ಕಿ ಬಹಳ ಸ್ಪಷ್ಟವಾಗಿ ಹೇಳುತ್ತದೆ. ಮೊದಲು ತಿನ್ನುವುದನ್ನು ನಿಲ್ಲಿಸುತ್ತದೆ. ಆಮೇಲೆ ಪುಕ್ಕ ಬಿಗಿ ಮಾಡಿ ತೆಳ್ಳಗಾಗುತ್ತದೆ. ಆಮೇಲೆ ಮೈ ಆಚೆಗೆ ವಾಲುತ್ತದೆ. ಆಮೇಲೆ ಕೊಕ್ಕು ತೆರೆಯುತ್ತದೆ. ಇಷ್ಟನ್ನೂ ನಾವು ಕೇಳಿಸಿಕೊಳ್ಳದಿದ್ದರೆ ಮಾತ್ರ ಕಚ್ಚುತ್ತದೆ. ಲವ್ ಬರ್ಡ್ ಕಚ್ಚುವ ಹಕ್ಕಿ ಅಂತ ಹೆಸರು ಕೆಟ್ಟಿದೆ. ಕಚ್ಚುವ ಮುಂಚೆ ಅದು ಏನೇನು ಹೇಳಿತ್ತು ಅಂತ ಯಾರೂ ಕೇಳುವುದಿಲ್ಲ. ಅದು ವಾಲಿದ ಕೂಡಲೇ ನಾವು ಕೈ ಹಿಂದೆ ತೆಗೆದುಕೊಂಡರೆ ಅದಕ್ಕೆ ಒಂದು ವಿಷಯ ಗೊತ್ತಾಗುತ್ತದೆ, ತಾನು ಬೇಡ ಅಂದರೆ ಈ ಕೈ ಕೇಳುತ್ತದೆ ಅಂತ. ಹಾಗೆ ಗೊತ್ತಾದ ಹಕ್ಕಿ ಹೆಚ್ಚು ಹತ್ತಿರ ಬರುತ್ತದೆ. ಬೇಡ ಅನ್ನುವ ಹಕ್ಕನ್ನು ಕಿತ್ತುಕೊಂಡರೆ ಬೇಕು ಅನ್ನುವುದಕ್ಕೆ ಬೆಲೆ ಎಲ್ಲಿ ಬಂತು? ನನಗಂತೂ ಈ ಮಾತು ಹಕ್ಕಿಗಷ್ಟೇ ನಿಲ್ಲುವುದಿಲ್ಲ. ಮನೆಗೆ ಬಂದ ಮಗುವನ್ನು ಅದು ಅಳುತ್ತಿದ್ದರೂ ಎಲ್ಲರ ತೊಡೆಗೂ ಒಯ್ದು ಕೂರಿಸುವುದನ್ನು ನೋಡಿದಾಗಲೂ ಇದೇ ನೆನಪಾಗುತ್ತದೆ.

ಬೇಸಿಗೆ, ಫ್ಯಾನು, ಹೊಗೆ

ಪಳಗಿಸುವ ಮಾತನ್ನು ಎಲ್ಲರೂ ಆಡುತ್ತಾರೆ. ನಮ್ಮ ಊರಲ್ಲಿ ಹಕ್ಕಿ ಸಾಯುವುದು ಮಾತ್ರ ಬೇರೆ ಕಾರಣಗಳಿಗೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. "ಆಫ್ರಿಕಾದ ಹಕ್ಕಿ, ಬಿಸಿಲು ತಡಕೋತೈತಿ ಬಿಡ್ರಿ" ಅನ್ನುತ್ತಾರೆ. ಒಣ ನಾಡಿನ ಹಕ್ಕಿ ಹೌದು. ಆದರೆ ಅಲ್ಲಿ ಅದು ಬಿಸಿಲೇರಿದಾಗ ನೆರಳಿಗೆ ಹಾರುತ್ತದೆ, ನೀರಿನ ಹತ್ತಿರವೇ ಬೀಡು ಬಿಡುತ್ತದೆ. ಪಂಜರದ ಹಕ್ಕಿಗೆ ಆ ಆಯ್ಕೆ ಇಲ್ಲ. ಅಮೆರಿಕದ ಅರಿಜೋನಾದಲ್ಲಿ ಫೀನಿಕ್ಸ್ ಅಂತ ಒಂದು ಮರುಭೂಮಿ ನಗರ ಇದೆ. ಸಾಕಿದವರ ಕೈ ತಪ್ಪಿದ ಪೀಚ್ ಫೇಸ್ ಹಕ್ಕಿಗಳು 1980ರ ದಶಕದಿಂದ ಅಲ್ಲಿ ಬಯಲಲ್ಲೇ ಬದುಕುತ್ತಿವೆ. ಸುಡುವ ದಿನಗಳಲ್ಲಿ ಅವು ವಿಶ್ವವಿದ್ಯಾಲಯದ ಕಟ್ಟಡದಲ್ಲಿ ತಣ್ಣನೆಯ ಗಾಳಿ ಹೊರಬರುವ ಕಿಂಡಿಗಳಿಗೆ ಬಂದು ಕೂರುತ್ತವೆ ಅಂತ ಅಲ್ಲಿನ ಸಂಶೋಧಕರು ದಾಖಲಿಸಿದ್ದಾರೆ. ಅಂದರೆ ಬಿಸಿಲು ತಡೆದುಕೊಳ್ಳುವುದಕ್ಕಿಂತ ತಂಪು ಹುಡುಕಿಕೊಳ್ಳುವುದರಲ್ಲಿ ಅವು ಜಾಣ. ನಮ್ಮ ಮನೆಯಲ್ಲಿ ಆ ಹುಡುಕಾಟ ನಾವು ಮಾಡಿಕೊಡಬೇಕು.

ಹಕ್ಕಿಗೆ ಬೆವರು ಗ್ರಂಥಿ ಇಲ್ಲ. ಕೊಕ್ಕು ತೆರೆದು ತೇಕುತ್ತ, ರೆಕ್ಕೆಯನ್ನು ಮೈಯಿಂದ ದೂರ ಹಿಡಿದಿದ್ದರೆ ಅದಕ್ಕೆ ಸೆಕೆ ತಡೆಯುತ್ತಿಲ್ಲ ಅಂತ ಅರ್ಥ. ನಾವು ಹಗಲು ಹೊತ್ತು ಪಂಜರವನ್ನು ಒಳಕೋಣೆಗೆ ಒಯ್ಯುತ್ತೇವೆ. ಹಳೆಯ ಮನೆ, ದಪ್ಪ ಗೋಡೆ, ಹಾಗಾಗಿ ಸ್ವಲ್ಪ ತಂಪು. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುತ್ತೇವೆ. ನೀರನ್ನು ಮಧ್ಯಾಹ್ನ ಮತ್ತೆ ಬದಲಿಸುತ್ತೇವೆ. ಅಗಲವಾದ ತಾಟಿನಲ್ಲಿ ಬೆರಳು ಮುಳುಗುವಷ್ಟು ನೀರಿಟ್ಟು, ಅದರಲ್ಲಿ ಒಂದು ಕಟ್ಟು ಕೊತ್ತಂಬರಿ ನೆನೆಸಿಟ್ಟರೆ ಗುಲಾಬಿ ಅದರ ಮೇಲೆ ಹೊರಳಾಡಿ ಪೂರ್ತಿ ಒದ್ದೆಯಾಗಿ ಬರುತ್ತದೆ. ಕೂಲರ್ ಇದ್ದರೆ ಒಳ್ಳೆಯದೇ, ಗಾಳಿ ನೇರ ಹೊಡೆಯದ ಹಾಗೆ ಇಡಬೇಕು ಅಷ್ಟೇ.

ಫ್ಯಾನಿನ ಮಾತು ಬೇರೆಯೇ. ಹಕ್ಕಿ ಹೊರಗಿದ್ದಾಗ ಫ್ಯಾನು ಆಫ್ ಇರಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಬಾಗಿಲು ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ ಮೇ ತಿಂಗಳಲ್ಲಿ ಕೂರುವುದು ಅಂದರೆ ಏನು ಅಂತ ನಮ್ಮ ಊರಿನವರಿಗೆ ಹೇಳಬೇಕಿಲ್ಲ. ಅದಕ್ಕೇ ಬೇಸಿಗೆಯಲ್ಲಿ ಇವುಗಳ ಹಾರಾಟ ನಸುಕಿನಲ್ಲೇ ಮುಗಿಯುತ್ತದೆ, ಬಿಸಿಲು ಮಾಳಿಗೆಗೆ ಬೀಳುವ ಮುಂಚೆ.

ಹೊಗೆಯ ವಿಷಯಕ್ಕೆ ಮನೆಯಲ್ಲಿ ಸ್ವಲ್ಪ ವಾದವಾಯಿತು. ಊದುಬತ್ತಿ, ಲೋಬಾನ, ಸೊಳ್ಳೆ ಕಾಯಿಲ್, ಒಣಮೆಣಸಿನಕಾಯಿ ಹುರಿದ ಘಾಟು, ಇವೆಲ್ಲ ನಮಗೆ ಒಂದು ಕೆಮ್ಮಿಗೆ ಮುಗಿಯುತ್ತವೆ. ಹಕ್ಕಿಗೆ ಹಾಗಲ್ಲ. ಅದರ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ. ಉಸಿರು ಒಳಗೆಳೆದಾಗಲೂ ಹೊರಗೆ ಬಿಟ್ಟಾಗಲೂ ಹೊಸ ಗಾಳಿ ಅಲ್ಲಿಂದ ಹಾಯುತ್ತಲೇ ಇರುತ್ತದೆ. ಹಾರುವ ಜೀವಕ್ಕೆ ಬೇಕಾದ ಶಕ್ತಿ ಬರುವುದು ಅದರಿಂದಲೇ. ಗಾಳಿಯಲ್ಲಿ ವಿಷ ಇದ್ದರೆ ಅದೂ ಅಷ್ಟೇ ಚೆನ್ನಾಗಿ ಒಳಗೆ ಹೋಗುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ವಿಷಗಾಳಿ ಗುರುತಿಸಲು ಕ್ಯಾನರಿ ಹಕ್ಕಿಗಳನ್ನು 1986ರವರೆಗೂ ಇಟ್ಟುಕೊಂಡಿದ್ದದ್ದು ಇದೇ ಕಾರಣಕ್ಕೆ. ಎಲ್ಲಕ್ಕಿಂತ ಅಪಾಯ ನಾನ್‌ಸ್ಟಿಕ್ ತವೆ. ಖಾಲಿ ತವೆ ಒಲೆಯ ಮೇಲೆ ಉಳಿದು ಅತಿಯಾಗಿ ಕಾದರೆ ಅದರ ಲೇಪದಿಂದ ಏಳುವ ಹೊಗೆ ಬೇರೆ ಕೋಣೆಯ ಹಕ್ಕಿಯನ್ನೂ ನಿಮಿಷಗಳಲ್ಲಿ ಕೊಲ್ಲಬಲ್ಲದು. ನಮ್ಮದು ರೊಟ್ಟಿ ಮನೆ, ಕಬ್ಬಿಣದ ಹಂಚು ಇದ್ದೇ ಇದೆ. ನಾನ್‌ಸ್ಟಿಕ್ ಮನೆಯಿಂದ ಹೋಯಿತು. ದೇವರ ಮುಂದೆ ಅವ್ವ ಈಗ ತುಪ್ಪದ ದೀಪ ಮಾತ್ರ ಹಚ್ಚುತ್ತಾಳೆ, ಊದುಬತ್ತಿ ಹಿತ್ತಲಿನ ತುಳಸಿ ಕಟ್ಟೆಗೆ. "ದೇವರಿಗೂ ಹಕ್ಕಿ ಬೇಕಲ್ಲ" ಅಂದಳು. ಅಲ್ಲಿಗೆ ವಾದ ಮುಗಿಯಿತು.

ಊಟದ ಬಗ್ಗೆ ಎರಡು ಮಾತು. ಬರೀ ಕಾಳು, ಅದರಲ್ಲೂ ಸೂರ್ಯಕಾಂತಿ ಬೀಜ, ಸಾಲದು. ಅದರಲ್ಲಿ ಕೊಬ್ಬು ಜಾಸ್ತಿ, ಎ ವಿಟಮಿನ್ ಮತ್ತು ಕ್ಯಾಲ್ಸಿಯಂ ಕಡಿಮೆ. ನುಗ್ಗೆ ಸೊಪ್ಪು, ಮೆಂತ್ಯೆ, ಗಜ್ಜರಿ, ಮೊಳಕೆ ಬಂದ ಹೆಸರು ದಿನಾ ಸ್ವಲ್ಪ ಬೇಕು, ಜೊತೆಗೆ ಒಂದು ಕಟಲ್ ಬೋನ್, ಅಂದರೆ ಕ್ಯಾಲ್ಸಿಯಂಗೆ ಅಂತ ಕೊಡುವ ಒಂದು ಕಡಲ ಜೀವಿಯ ಒಳಚಿಪ್ಪು. ಬೆಣ್ಣೆಹಣ್ಣು (ಅವಕಾಡೊ) ಇವಕ್ಕೆ ವಿಷ, ಚಾಕೊಲೇಟೂ ಅಷ್ಟೇ. ಬಂದವರು ಅಕ್ಕರೆಯಿಂದ ಚೂಡಾ, ಚಹಾದಲ್ಲಿ ಅದ್ದಿದ ಬಿಸ್ಕತ್ತು ಹಿಡಿಯುತ್ತಾರೆ, ಕೈ ಮುಗಿದು ಬೇಡ ಅನ್ನುತ್ತೇನೆ. ನಮ್ಮದು ದ್ರಾಕ್ಷಿಯ ಜಿಲ್ಲೆ. ತೋಟಗಳಲ್ಲಿ ಎಷ್ಟು ಸಲ ಔಷಧಿ ಹೊಡೆಯುತ್ತಾರೆ ಅಂತ ನೋಡಿ ಬೆಳೆದವಳು ನಾನು. ಗೊತ್ತಿರುವ ತೋಟದ್ದಲ್ಲದೆ ದ್ರಾಕ್ಷಿ ಹಾಕುವುದಿಲ್ಲ.

ಪೇಪರ್ ಪಟ್ಟಿ

ಪಂಜರದ ತಳಕ್ಕೆ ಹಾಸಿದ ದಿನಪತ್ರಿಕೆಯಿಂದಲೇ ಗುಲಾಬಿ ಹೆಣ್ಣು ಅಂತ ನಮಗೆ ಬಹುತೇಕ ಖಾತ್ರಿಯಾಗಿದ್ದು. ಒಂದು ಬೆಳಿಗ್ಗೆ ಅದು ಪೇಪರಿನ ಅಂಚು ಹಿಡಿದು ಕೊಕ್ಕಿನಿಂದ ಚುಚ್ಚುತ್ತ ಹೋಯಿತು. ಅಂಚೆ ಚೀಟಿಯ ಹಾಳೆಯಲ್ಲಿ ಇರುವಂಥ ತೂತುಗಳ ಸಾಲು. ಆಮೇಲೆ ಎಳೆದರೆ ನೇರವಾದ, ಉದ್ದನೆಯ ಪಟ್ಟಿ. ಅದನ್ನು ಕೊಕ್ಕಲ್ಲಿ ಹಿಡಿದು ತಲೆ ಹಿಂದಕ್ಕೆ ತಿರುಗಿಸಿ ಸೊಂಟದ ಮೇಲಿನ ಪುಕ್ಕಗಳೊಳಗೆ ಸಿಕ್ಕಿಸಿಕೊಂಡಿತು. ಮತ್ತೊಂದು, ಮಗದೊಂದು. ನೀಲಿ ಪುಕ್ಕದ ಮೇಲೆ ಕ್ರೀಡಾ ಪುಟದ ಅರ್ಧಂಬರ್ಧ ಅಕ್ಷರಗಳು. ಕಾಡಿನಲ್ಲಿ ಈ ಜಾತಿಯ ಹೆಣ್ಣು ಎಲೆ, ತೊಗಟೆಯ ಪಟ್ಟಿಗಳನ್ನು ಗೂಡಿಗೆ ಒಯ್ಯುವುದು ಹೀಗೆಯೇ. ಗುಲಾಬಿಗೆ ಇದನ್ನು ಯಾರೂ ಕಲಿಸಿರಲಿಲ್ಲ.

ಇದರ ಮೇಲೆ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಡಿಲ್ಗರ್ ಮಾಡಿದ ಒಂದು ಕೆಲಸ ಇದೆ, 1962ರಲ್ಲಿ ಪ್ರಕಟವಾದದ್ದು. ಪೀಚ್ ಫೇಸ್ ಪಟ್ಟಿಯನ್ನು ಪುಕ್ಕದಲ್ಲಿ ಸಿಕ್ಕಿಸಿಕೊಳ್ಳುತ್ತದೆ, ಅದರ ದಾಯಾದಿಯಾದ ಫಿಶರ್ಸ್ ಲವ್ ಬರ್ಡ್ ಕೊಕ್ಕಿನಲ್ಲಿ ಹಿಡಿದು ಒಯ್ಯುತ್ತದೆ. ಡಿಲ್ಗರ್ ಇವೆರಡರ ಮಿಶ್ರ ಮರಿಗಳನ್ನು ಬೆಳೆಸಿದರು. ಆ ಮರಿಗಳಿಗೆ ಎರಡು ಬುದ್ಧಿಯೂ ಬಂದಿತ್ತು. ಪಟ್ಟಿಯನ್ನು ಪುಕ್ಕಕ್ಕೆ ಸಿಕ್ಕಿಸಲು ಹೋಗುವುದು, ಅದು ನಿಲ್ಲದೆ ಬೀಳುವುದು, ಕೊಕ್ಕಲ್ಲಿ ಹಿಡಿದಾಗ ಮಾತ್ರ ಗೂಡು ತಲುಪುವುದು. ಕೊಕ್ಕಲ್ಲಿ ಒಯ್ಯುವುದನ್ನು ಸರಿಯಾಗಿ ಕಲಿಯಲು ಅವಕ್ಕೆ ಮೂರು ವರ್ಷದ ಹತ್ತಿರ ಹಿಡಿಯಿತು. ಕಲಿತ ಮೇಲೂ ತಲೆ ಒಮ್ಮೆ ಹಿಂದಕ್ಕೆ ತಿರುಗುವುದು ಪೂರ್ತಿ ಹೋಗಲಿಲ್ಲ.

ಇದನ್ನು ತಿಳಿದ ಮೇಲೆ ಬೇಗ ಪಳಗಿಸುವ ಮಾತು ನನಗೆ ಇನ್ನೂ ರುಚಿಸದಾಯಿತು. ಪಟ್ಟಿ ಒಯ್ಯುವಂಥ ಒಂದು ಸಣ್ಣ ಅಭ್ಯಾಸ ಬದಲಾಗಲು ವರ್ಷಗಳು ಬೇಕು ಅಂದರೆ, ಮೇಲಿನಿಂದ ಬಂದ ನೆರಳಿಗೆ ಬೆಚ್ಚುವ ಸ್ವಭಾವ ವಾರದಲ್ಲಿ ಹೋಗಬೇಕು ಅಂತ ಕೇಳುವುದು ನ್ಯಾಯವಾ? ಹಕ್ಕಿ ನಮ್ಮ ಮನೆಗೆ ಹೊಸದು, ಜಗತ್ತಿಗೆ ಹೊಸದಲ್ಲ. ತನ್ನ ಜಾತಿಯ ಇಡೀ ಅನುಭವವನ್ನು ಮೈಯಲ್ಲೇ ಹೊತ್ತು ಬಂದಿರುತ್ತದೆ. ಕಲಿಯುವ ಕೆಲಸದ ಹೆಚ್ಚಿನ ಪಾಲು ನಮ್ಮದಾಗಬೇಕು.

ಈಗ ಕಿಟ್ಟಿ ತೆನೆ ಹಿಡಿದರೆ ಮಣಿಕಟ್ಟಿನ ಮೇಲೆ ಬಂದು ಕೂರುತ್ತದೆ. ಗುಲಾಬಿ ಕೂರುವುದಿಲ್ಲ. ಆದರೆ ನಾನು ನೀರಿನ ಬಟ್ಟಲು ಬದಲಿಸುವಾಗ ಗೇಣು ದೂರದಲ್ಲೇ ಕೂತು ಪೇಪರ್ ಹರಿಯುತ್ತಲೇ ಇರುತ್ತದೆ, ನನ್ನ ಕೈ ಕಡೆ ತಿರುಗಿಯೂ ನೋಡದೆ. ಇವೆರಡರಲ್ಲಿ ಯಾವುದು ಹೆಚ್ಚು ಪಳಗಿದೆ ಅಂತ ಕೇಳಿದರೆ ನಾನು ಗುಲಾಬಿಯ ಹೆಸರು ಹೇಳುತ್ತೇನೆ.

ತರುವವರಿಗೆ

ಒಂಟಿಯಾಗಿ ತಂದರೆ ಬೇಗ ಹಚ್ಚಿಕೊಳ್ಳುತ್ತದೆ, ಜೋಡಿಯಾದರೆ ನಿಮ್ಮ ಕಡೆ ನೋಡುವುದಿಲ್ಲ ಅನ್ನುತ್ತಾರೆ. ಸ್ವಲ್ಪ ನಿಜ. ಜೊತೆಗಾರ ಇಲ್ಲದಿದ್ದರೆ ಸತ್ತೇ ಹೋಗುತ್ತದೆ ಅನ್ನುವುದು ನಿಜವಲ್ಲ. ಆದರೆ ಒಂಟಿ ಹಕ್ಕಿಗೆ ನೀವೇ ಗುಂಪು. ಬೆಳಿಗ್ಗೆ ಹೋಗಿ ಸಂಜೆ ಬರುವ ಮನೆಯವರು ಆ ಗುಂಪು ಆಗಲು ಸಾಧ್ಯವಿಲ್ಲ. ಅಂಥವರು ಜೋಡಿ ತರಲಿ, ನಿಧಾನವಾದರೆ ಆಗಲಿ. ಇನ್ನು ಪುಕ್ಕ ಬಾರದ ಮರಿ ಕೊಟ್ಟು, ಕೈಯಿಂದ ಉಣಿಸಿದರೆ ಪಕ್ಕಾ ಪಳಗುತ್ತದೆ ಅಂತ ಮಾರುವವರಿದ್ದಾರೆ. ದಯವಿಟ್ಟು ತರಬೇಡಿ. ಗಂಜಿ ಸ್ವಲ್ಪ ಬಿಸಿ ಹೆಚ್ಚಾದರೆ ಗಂಟಲ ಚೀಲ ಸುಡುತ್ತದೆ, ಸ್ವಲ್ಪ ಅವಸರವಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದು ಕಲಿತವರ ಕೆಲಸ. ತಾನೇ ತಿನ್ನುವ, ಹಾರಬಲ್ಲ ಹಕ್ಕಿಯನ್ನೂ ತಾಳ್ಮೆಯಿಂದ ಒಲಿಸಿಕೊಳ್ಳಬಹುದು.

ಕಾನೂನಿನ ಮಾತೂ ಇದೆ. ಗೋಳಗುಮ್ಮಟದ ಸುತ್ತ ಹಾರಾಡುವ ನಮ್ಮ ಗಿಳಿಯನ್ನು ಪಂಜರದಲ್ಲಿ ಇಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಪೀಚ್ ಫೇಸ್‌ಗೆ ಅಂಥ ತೊಡಕಿಲ್ಲ. ಫಿಶರ್ಸ್, ಮಾಸ್ಕ್ಡ್ ಮುಂತಾದ ಲವ್ ಬರ್ಡ್‌ಗಳನ್ನು ಮಾತ್ರ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅಂಗಡಿಯಲ್ಲಿ ಹೇಳದಿದ್ದರೂ ಕೇಳಿ ತಿಳಿದುಕೊಳ್ಳಿ.

ಗುಲಾಬಿ ಪಟ್ಟಿ ಸಿಕ್ಕಿಸಿಕೊಳ್ಳುವುದನ್ನು ನೋಡಿದವರು ಗೂಡಿನ ಪೆಟ್ಟಿಗೆ ಯಾಕೆ ಇಟ್ಟಿಲ್ಲ ಅಂತ ಕೇಳುತ್ತಿದ್ದಾರೆ. ಮರಿಯಾದರೆ ನಮಗೊಂದು ಜೋಡಿ ಇರಲಿ ಅಂತ ಬೀಗರ ಮನೆಯಿಂದ ಆಗಲೇ ಹೇಳಿ ಕಳಿಸಿದ್ದಾರೆ. ಗುಲಾಬಿಗೆ ಇನ್ನೂ ವರ್ಷ ತುಂಬಿಲ್ಲ. ಎಳೆಯ ಹೆಣ್ಣಿಗೆ, ಕ್ಯಾಲ್ಸಿಯಂ ಸಾಲದ ಹೆಣ್ಣಿಗೆ ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಂಡು ಪ್ರಾಣಕ್ಕೆ ಬರುತ್ತದೆ. ಹಾಗಾಗಿ ಈ ಬೇಸಿಗೆಯಲ್ಲಿ ಪೆಟ್ಟಿಗೆ ಇಡುವುದಿಲ್ಲ. ಮಳೆಗಾಲ ಕಳೆದು, ಅದರ ತೂಕ ಸರಿಯಿದ್ದರೆ ಆಗ ನೋಡೋಣ. ಮರಿ ಕೇಳಿದವರಿಗೆ ನಾನು ಈಗಲೇ ಹೇಳಿಟ್ಟಿದ್ದೇನೆ, ಕೊಡುವ ಮುಂಚೆ ನಿಮ್ಮ ಮನೆಗೆ ಒಮ್ಮೆ ಬರುತ್ತೇನೆ, ಅಡುಗೆಮನೆಯ ತವೆ ಯಾವುದು, ಪಂಜರ ಎಲ್ಲಿ ಇಡುತ್ತೀರಿ, ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ ಅಂತ ನೋಡಿಕೊಂಡು ಹೋಗುತ್ತೇನೆ ಅಂತ.